ಸಾಲಿನ ಕೊನೆಯ ಚೌಕಗಳು

ಬೆರಳು ಮಡಚಲು ಬಾರದೆ ನರಹರಯ್ಯನವರ ಮೃದಂಗ ಮೂಲೆ ಸೇರಿದ ಮೇಲೆ, ಹೊಳೆದಂಡೆಯ ಆ ಆಶ್ರಮದ ಭಜನೆಗೆ ಲ್ಯಾಪ್‌ಟಾಪೇ ತಾಳ ಹಾಕುತ್ತಿತ್ತು. ಪರದೆಯ ಮೇಲೆ ಚೌಕಗಳ ಸಾಲು. ಒತ್ತಿದ ಚೌಕದಲ್ಲಿ ಪೆಟ್ಟು ಬೀಳುತ್ತದೆ, ಬಿಟ್ಟ ಚೌಕ ಸುಮ್ಮನಿರುತ್ತದೆ. ಅಷ್ಟೇ ವಿದ್ಯೆ.

ಅಷ್ಟನ್ನು ಕಲಿಸಲು ಹೋಗಿ ಗುರು ನರಹರಯ್ಯನವರಿಗೆ ತಲೆ ಚಿಟ್ಟು ಹಿಡಿದಿತ್ತು. ಶಿಷ್ಯ ಭಾರ್ಗವ ದಡ್ಡನಲ್ಲ. ದಡ್ಡನಾಗಿದ್ದರೆ ವಾಸಿಯಿತ್ತು.

“ಇದೇನಯ್ಯ, ಒಂದು ಚೌಕಾನೂ ಬಿಟ್ಟಿಲ್ಲ?”

“ಖಾಲಿ ಬಿಟ್ರೆ ಏನೋ ಮರೆತ ಹಾಗೆ ಕಾಣುತ್ತೆ, ಗುರುಗಳೇ.”

“ಕಾಣುತ್ತೋ, ಕೇಳುತ್ತೋ?”

ಭಾರ್ಗವ ಪರದೆಯನ್ನು ಇನ್ನೊಮ್ಮೆ ನೋಡಿದ. “ಕಾಣುತ್ತೆ.”

“ಅಳಿಸು.”

ಅಳಿಸಿದ. ಮರುದಿನ ತಂದಾಗ ನಡುವೆಲ್ಲ ಹದವಾಗಿತ್ತು. ಹಾಡಿನ ಪ್ರತಿ ಸಾಲು ಮುಗಿಯುವ ಕಡೆ ಮಾತ್ರ ದಡಬಡ ಎಂದು ಪೆಟ್ಟುಗಳ ಒಂದು ಗೊಂಚಲು, ಅವನ ಮಾತಲ್ಲಿ ‘ಫಿಲ್ಲು’, ತುರುಕಿದ್ದ.

“ಇದು ಯಾಕೆ?”

“ಅಲ್ಲಿ ಹಾಡೂ ಇಲ್ಲ, ಏನೂ ಇಲ್ಲ. ಅದಕ್ಕೇ ಹಾಕಿದೆ.”

ಇವನಿಗೆ ಹೇಳಿ ಹೇಳಿ ಗುರುಗಳ ನಾಲಿಗೆ ಸವೆದಿತ್ತು.

“ಸರಿ. ಸಂಜೆಗೆ ಇದನ್ನೇ ಹಾಕು.”

ಆಶ್ರಮದ ಹಿರಿಯ ಹಾಡುಗಾರ್ತಿ ಅಚ್ಚಮ್ಮ ಜ್ವರದಿಂದ ಎದ್ದು ಅಂದೇ ಮೊದಲ ಸಲ ಭಜನೆಗೆ ಕೂತಿದ್ದರು. ಮೊದಲ ಸಾಲು ಚೆನ್ನಾಗಿಯೇ ಬಂತು. ಉಸಿರು ತೆಗೆದುಕೊಳ್ಳೋಣ ಎನ್ನುವಷ್ಟರಲ್ಲಿ ದಡಬಡ ಎಂದಿತು. ತಾವೇ ತಡವಾದೆವೆಂದುಕೊಂಡು ಅವರು ಮುಂದಿನ ಸಾಲಿಗೆ ಓಡಿದರು. ಅದರ ಕೊನೆಗೂ ಅದೇ ಗತಿ. ಚರಣ ಮುಗಿಯುವ ಮೊದಲೇ ಕೆಮ್ಮು ಹತ್ತಿಕೊಂಡಿತು.

“ನನ್ನ ಕೈಲಿ ಇನ್ನು ಆಗಲ್ಲ ಕಣಪ್ಪ. ನಾಳೆಯಿಂದ ಬೇರೆ ಯಾರಾದ್ರೂ ಹಾಡ್ಲಿ,” ಎಂದು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿಬಿಟ್ಟರು.

ಶಿಷ್ಯನಿಗೆ ಪಾಠವಾಗಲಿ ಎಂದು ಬಿಟ್ಟರೆ ಪೆಟ್ಟು ಆ ಮುದುಕಿಗೆ ಬಿತ್ತಲ್ಲ ಎಂದು ನರಹರಯ್ಯನವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

“ಪಾಪ, ವಯಸ್ಸಾಯ್ತು. ತಾಳಕ್ಕೆ ನಿಲ್ಲೋಕಾಗಲ್ಲ ಅವರಿಗೆ,” ಎಂದ ಭಾರ್ಗವ.

“ನಿನಗೆ ವಯಸ್ಸಾಗಿಲ್ವಲ್ಲ. ನೀನು ಹಾಡು.”

“ನಾನಾ?”

“ಹಾಡಯ್ಯ ಅಂತೀನಿ.”

ಗುರುಗಳೇ ಗುಂಡಿ ಒತ್ತಿದರು. ಭಾರ್ಗವ ಶುರು ಮಾಡಿದ. ಸಾಲಿನ ಕೊನೆಗೆ ಬಾಯಿ ತೆರೆದ, ಅವನದೇ ಫಿಲ್ಲು ಅವನನ್ನು ಮುಂದಕ್ಕೆ ದಬ್ಬಿತು. ಮತ್ತೆ ದಬ್ಬಿತು. ಮುಖ ಕೆಂಪಾಗಿ, ದನಿ ಕೀರಲಾಗಿ, ಕೊನೆಗೆ ಅವನೇ ಬಗ್ಗಿ ಯಂತ್ರ ನಿಲ್ಲಿಸಿದ.

“ಉಸಿರು ತಗೊಳ್ಳೋಕೆ ಜಾಗಾನೇ ಇಲ್ಲ, ಗುರುಗಳೇ.”

“ಇತ್ತು.”

ಭಾರ್ಗವ ಸಾಲಿನ ಕೊನೆಯ ಚೌಕಗಳನ್ನು ನೋಡಿದ. ಆಮೇಲೆ ಫಿಲ್ಲುಗಳನ್ನು ಒಂದೊಂದಾಗಿ ಅಳಿಸಿದ. ಅಂತೂ ತಲೆಗೆ ಹೋಯಿತು ಎಂದು ಗುರುಗಳು ಗೋಡೆಗೆ ಒರಗಿಕೊಂಡರು.

“ಈಗ ಇಲ್ಲಿಗೆ ಏನು ಹಾಕಲಿ, ಗುರುಗಳೇ?”

ನರಹರಯ್ಯನವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

“ಆ ಜಾಗ ಅಚ್ಚಮ್ಮನೋರದು. ಹೋಗಿ ಕರ್ಕೊಂಡು ಬಾ.”