ಕೊರಳಿನ ಕೊರಡು

"ಗುರುಗಳೇ, ತಂಟೆಕೋರ ಹುಡುಗನನ್ನು ಎಲ್ಲರಿಂದ ಬೇರೆ ಕೂರಿಸುವ ಹಕ್ಕು ಮೇಷ್ಟರಿಗೆ ಇದೆಯೋ ಇಲ್ಲವೋ?"

ಕೇಳಿದವನು ಚನ್ನವೀರ. ಊರಿನ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಪಾಠ ಹೇಳುವವನು. ಹುಡುಗನಾಗಿದ್ದಾಗ ಮಠದಲ್ಲೇ ಉಂಡು ಓದಿದವನು. ಅವತ್ತು ಸಂಜೆ ಪಾಠ ಮುಗಿಸಿದವನೇ ನೇರವಾಗಿ ಮಠಕ್ಕೆ ಬಂದಿದ್ದ. ಬೆರಳಿಗೆ ಸೀಮೆಸುಣ್ಣ ಇನ್ನೂ ಮೆತ್ತಿಕೊಂಡಿತ್ತು.

"ಮೊದಲು ಕೂತುಕೋ," ಎಂದರು ಗುರುಗಳು. "ನಿಂತವರಿಗೆ ಹೇಳಿದ ಉತ್ತರ ಮೊಣಕಾಲಿನಿಂದ ಮೇಲಕ್ಕೆ ಏರುವುದಿಲ್ಲ. ಯಾರು ಆ ಹುಡುಗ?"

"ಹಾಲೇಶ ಅಂತ. ದಸರಾ ರಜೆಗೆ ಮುಂಚೆ ಪಕ್ಕದವನ ಮೇಲೆ ಕೈವಾರ ಎಸೆದ. ಕಣ್ಣಿಗೆ ಬೀಳುವುದು ಹುಬ್ಬಿಗೆ ಬಿತ್ತು. ಅವತ್ತೇ ಅವನನ್ನು ಬಾಗಿಲ ಪಕ್ಕದ ಒಂಟಿ ಬೆಂಚಿಗೆ ಹಾಕಿದೆ. ಅವನ ಜೊತೆ ಯಾರೂ ಮಾತಾಡಕೂಡದು ಎಂದೆ. ಇವತ್ತು ಅವನ ತಾಯಿ ಬಂದಿದ್ದಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವಾಕೆ. ಇಡೀ ತರಗತಿಯ ಎದುರಿಗೆ, 'ನನ್ನ ಮಗನ್ನ ಬಾಗಿಲಾಗ ಕೂರಿಸಾಕ ನಿಮಗೇನು ಹಕ್ಕೈತ್ರೀ?' ಎಂದಳು. ನಾಳೆ ಬೆಳಿಗ್ಗೆ ಬಂದು ಟಿ.ಸಿ. ತೆಗೆದುಕೊಂಡು ಹೋಗುತ್ತಾಳಂತೆ. ಮಗನೂ ಭಟ್ಟಿಗೇ ಬರಲಿ, ಅಲ್ಲಿ ಬೆಂಕಿಯ ಮುಂದೆ ಕೂತರೂ ನಾಲ್ಕು ಜನರ ಜೊತೆ ಕೂರುತ್ತಾನೆ ಎಂದಳು."

"ನೀನು ಏನೆಂದೆ?"

"ಏನೂ ಅನ್ನಲಿಲ್ಲ. ಕರೆದುಕೊಂಡು ಹೋದರೆ ಹೋಗಲಿ. ಆದರೆ ನನಗೆ ಹಕ್ಕಿಲ್ಲ ಎಂದಳಲ್ಲ, ಅದಕ್ಕೊಂದು ಉತ್ತರ ಬೇಕು."

ಗುರುಗಳು ತಲೆದಿಂಬನ್ನು ಬೆನ್ನಿಗೆ ಒತ್ತಿಕೊಂಡರು.

"ಇದಕ್ಕೆ ದನದ ಕತೆಯೇ ಸರಿ. ದನಗಳ ವಿಷಯದಲ್ಲಿ ನನ್ನಷ್ಟು ಬಲ್ಲವನು ಸುತ್ತ ಏಳು ಹೋಬಳಿಯಲ್ಲಿ ಇಲ್ಲ. ಒಮ್ಮೆ ಹೋರಿಯೊಂದು ನನ್ನನ್ನು ಕಂಡೊಡನೆ ತಲೆ ಬಾಗಿಸಿತು. ಮರುಕ್ಷಣ ನಾನು ಬೇಲಿಯ ಆಚೆಗಿದ್ದೆ. ಹೇಗೆ ಹೋದೆ ಎಂಬುದು ನನಗೂ ಅದಕ್ಕೂ ಮಾತ್ರ ಗೊತ್ತು."

ಚನ್ನವೀರ ನಗಲಿಲ್ಲ. ಗುರುಗಳು ಅದನ್ನು ನೋಡಿ ಕತೆಗೆ ಇಳಿದರು.

ಒಂದು ಊರು. ಆ ಊರಿನ ಜೋಳ ಎಷ್ಟು ಎತ್ತರ ಎಂದರೆ ತೆನೆ ಕೊಯ್ಯುವವರು ಬುತ್ತಿ ಕಟ್ಟಿಕೊಂಡು ಹತ್ತುತ್ತಿದ್ದರು. ನಾನೂ ಒಮ್ಮೆ ಹತ್ತಿದ್ದೇನೆ, ಮೇಲೆ ಸ್ವಲ್ಪ ಚಳಿ. ಅಂಥ ಜೋಳ ಇದ್ದ ಮೇಲೆ ಅದಕ್ಕೆ ಬಾಯಿ ಹಾಕುವ ದನವೂ ಇರಬೇಕಲ್ಲ. ಆದ್ದರಿಂದ ಊರವರು ಒಬ್ಬ ದನಗಾಹಿಯನ್ನು ಇಟ್ಟುಕೊಂಡಿದ್ದರು. ಬೆಳಿಗ್ಗೆ ಎಲ್ಲ ಮನೆಯ ದನಗಳನ್ನೂ ಕೂಡಿಸಿ ಹೊಡೆದುಕೊಂಡು ಹೋಗುವುದು, ಸಂಜೆ ತಂದು ಬಿಡುವುದು ಅವನ ಕೆಲಸ.

ಊರವರು ಅವನಿಗೆ ಒಂದು ಹಕ್ಕು ಕೊಟ್ಟಿದ್ದರು. ಮಂದೆ ಬಿಟ್ಟು ಹೊಲಕ್ಕೆ ನುಗ್ಗುವ ದನದ ಕೊರಳಿಗೆ ಅವನು ಕೊರಡು ಕಟ್ಟಬಹುದು. ಕೊರಡು ಎಂದರೆ ಮೊಳದುದ್ದದ ಮರದ ತುಂಡು, ಮುಂಗಾಲಿನ ಮಂಡಿಯವರೆಗೆ ಇಳಿಬೀಳುವಂಥದು. ದನ ಮೆಲ್ಲಗೆ ನಡೆದರೆ ಅದು ಏನೂ ಮಾಡದು. ಓಡಿದರೆ ಮಂಡಿಗೆ ಬಡಿಯುತ್ತದೆ. ಕಟ್ಟುವಾಗ ದನದ ಯಜಮಾನನನ್ನು ಕೇಳಬೇಕಾಗಿಲ್ಲ. ಕೇಳಿದರೆ ಯಾವ ದನಕ್ಕೂ ಕಟ್ಟಲಾಗುತ್ತಿರಲಿಲ್ಲ, ತನ್ನ ಹಸು ತುಡುಗು ಎಂದು ಒಪ್ಪಿದ ಯಜಮಾನ ಇನ್ನೂ ಹುಟ್ಟಿಲ್ಲ. ಹಾಗೆಯೇ, ಕಟ್ಟಿದ ಕೊರಡನ್ನು ಅವನೊಬ್ಬನೇ ಬಿಚ್ಚಬೇಕು. ಬೇರೆ ಯಾರೂ ಕೈ ಹಾಕಕೂಡದು.

ಆ ಊರಿನಲ್ಲಿ ಒಬ್ಬ ಮುದುಕಿಯಿದ್ದಳು. ಅವಳಿಗೆ ಇದ್ದದ್ದು ಒಂದೇ ಕಡಸು. ಒಂದು ದಿನ ಅದು ಮಂದೆಯಿಂದ ಸಿಡಿದು ಒಬ್ಬ ರೈತನ ಹೊಲಕ್ಕೆ ನುಗ್ಗಿತು. ಅದರ ಹಿಂದೆ ಇನ್ನೂ ನಾಲ್ಕು ದನ ನುಗ್ಗಿದವು. ದನಗಾಹಿ ಎಲ್ಲವನ್ನೂ ಹೊಡೆದು ಹೊರಗೆ ತಂದ. ಸಂಜೆ ಕಡಸಿನ ಕೊರಳಿಗೆ ಕೊರಡು ಕಟ್ಟಿದ. ಮುದುಕಿ ಅಡ್ಡ ಬರಲಿಲ್ಲ. ತನ್ನ ಕಡಸು ಮಾಡಿದ್ದು ತಪ್ಪು ಎಂದು ಅವಳಿಗೆ ಗೊತ್ತಿತ್ತು.

ಕಡಸು ಮೂರ್ನಾಲ್ಕು ಬಾರಿ ಓಡಲು ನೋಡಿತು. ಮಂಡಿ ನೊಂದಿತು. ಆಮೇಲೆ ಓಡುವುದನ್ನು ಬಿಟ್ಟಿತು. ಹಸಿರು ಜೋಳದ ಬದುವಿನಲ್ಲೇ ನಡೆದು ಹೋಗುವಾಗಲೂ ಅತ್ತ ಮುಖ ತಿರುಗಿಸದಷ್ಟು ಸಾಧುವಾಯಿತು. ದನಗಾಹಿ ಅದನ್ನು ಕಣ್ಣಾರೆ ಕಂಡ. ಆದರೆ ಕೊರಡು ಬಿಚ್ಚಲಿಲ್ಲ.

ಮುದುಕಿ ಬಂದಳು. "ತಮ್ಮಾ, ಅವಳು ಬುದ್ಧಿ ಕಲಿತಳಲ್ಲೋ. ಇನ್ನು ಬಿಚ್ಚಪ್ಪ."

"ಕೊರಡು ಇದೆ ಅಂತಲೇ ಸುಮ್ಮನಿದ್ದಾಳೆ ಅಜ್ಜಿ. ಬಿಚ್ಚಿದರೆ ನೋಡು, ನಾಳೆಯೇ ಹೊಲದಲ್ಲಿರುತ್ತಾಳೆ."

"ಬಿಚ್ಚದೇ ಇದ್ದರೆ ಅದು ಹೇಗೋ ಗೊತ್ತಾಗುತ್ತದೆ?"

"ಕಟ್ಟುವ ಹಕ್ಕು ನನ್ನದು, ಬಿಚ್ಚುವ ಹಕ್ಕೂ ನನ್ನದು. ನೀನು ಮನೆಗೆ ಹೋಗಿ ಮುದ್ದೆ ತಿರುವು, ಹೋಗು."

ಮುದುಕಿ ಹೋದಳು. ಕೈ ಹಾಕುವ ಹಾಗಿರಲಿಲ್ಲವಲ್ಲ.

ದನಗಾಹಿ ಕೆಟ್ಟವನಲ್ಲ. ಆದರೆ ಕೊರಡು ಅವನಿಗೆ ಒಗ್ಗಿಹೋಗಿತ್ತು. ಅಷ್ಟು ದೊಡ್ಡ ಮಂದೆಯಲ್ಲಿ ಒಂದು ದನದ ಮೇಲಾದರೂ ಕಣ್ಣಿಡಬೇಕಾಗಿಲ್ಲ ಎಂದರೆ ಅಷ್ಟು ಹಾಯಿ. ಒಳಗೊಳಗೇ ಒಂದು ಹೆದರಿಕೆಯೂ ಇತ್ತು. ಬಿಚ್ಚಿದ ದಿನವೇ ಕಡಸು ಹೊಲಕ್ಕೆ ಬಿದ್ದರೆ ಊರವರು ನಗುವುದು ಕಡಸನ್ನು ನೋಡಿಯಲ್ಲ, ಅವನನ್ನು ನೋಡಿ.

ದಿನ ಕಳೆಯಿತು. ಕೊರಡಿನ ಲೊಟಲೊಟ ಸದ್ದು ಕೇಳಿದರೆ ಬೇರೆ ದನಗಳು ದೂರ ಸರಿಯತೊಡಗಿದವು. ಕಡಸು ಮಂದೆಯ ಬಾಲದಲ್ಲಿ ಒಂಟಿಯಾಗಿ ನಡೆಯಿತು. ಮಕ್ಕಳು ಅದಕ್ಕೆ 'ಕಳ್ಳಿ' ಎಂದು ಹೆಸರಿಟ್ಟರು. ಆ ಹೊತ್ತಿಗೆ ಅದು ಚೊಚ್ಚಲ ಗಬ್ಬವಾಗಿತ್ತು. ಕರು ಹಾಕಿದರೆ ಹಾಲು ಮಾರಿ ಬದುಕುವುದು ಎಂದು ಮುದುಕಿ ಕಾದಿದ್ದಳು.

ಗುರುಗಳು ದಿಂಬು ಬಿಟ್ಟು ಮುಂದಕ್ಕೆ ಬಾಗಿದರು. "ಚನ್ನವೀರ, ಜೋಳದ ಎತ್ತರವನ್ನು ನಾನು ಸ್ವಲ್ಪ ಏರಿಸಿದ್ದೆ. ಇನ್ನು ಮುಂದಿನದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ."

ಒಂದು ಮಧ್ಯಾಹ್ನ ಅದೇ ರೈತನ ಹೊಲ ಮತ್ತೆ ಹಾಳಾಯಿತು. ಅರ್ಧ ಹೊಲ ನೆಲಕ್ಕೆ ಮಲಗಿತ್ತು. ರೈತ ಕೂಗಾಡುತ್ತ ಚಾವಡಿಗೆ ಬಂದ. ಊರು ಕೂಡಿತು. ಯಾವ ದನ ಎಂದು ಯಾರೂ ಕೇಳಲಿಲ್ಲ. ಹೊಲಕ್ಕೆ ಹೋಗಿ ಗೊರಸಿನ ಗುರುತನ್ನೂ ಯಾರೂ ನೋಡಲಿಲ್ಲ. ಕೊರಡು ಕಣ್ಣೆದುರಿಗೇ ಇರುವಾಗ ಬಿಸಿಲಲ್ಲಿ ಹೊಲಕ್ಕೆ ಹೋಗಿ ಬಗ್ಗಿ ನೋಡುವ ಕಷ್ಟ ಯಾರಿಗೆ ಬೇಕು? ಎಲ್ಲರೂ ಮುದುಕಿಯ ಕಡೆ ತಿರುಗಿದರು. ಎರಡನೆಯ ಬಾರಿ ಹೊಲಕ್ಕೆ ನುಗ್ಗಿದ ದನ ಊರ ಮಂದೆಯಲ್ಲಿ ಇರಕೂಡದು, ಅದನ್ನು ಸಂತೆಗೆ ಹೊಡೆಯಬೇಕು ಎಂಬುದು ಊರ ಕಟ್ಟಳೆ.

ದನಗಾಹಿ ಎದ್ದು ನಿಂತ. "ಇದು ಅನ್ಯಾಯ. ಆ ಹೊತ್ತಿನಲ್ಲಿ ಕಡಸು ನನ್ನ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಅದು ತುಡುಗು ಬಿಟ್ಟು ಎಷ್ಟೋ ಕಾಲವಾಯಿತು. ನಾನು ಬಲ್ಲೆ."

"ಬಲ್ಲೆಯಾ?" ಎಂದ ರೈತ. "ಹಾಗಾದರೆ ಅದರ ಕೊರಳಲ್ಲಿ ಲೊಟಲೊಟ ಅನ್ನುತ್ತಿರುವುದು ಏನಪ್ಪಾ, ತಾಳಿಯೇ?"

ಜನ ನಕ್ಕರು. ದನಗಾಹಿ ಊರ ಹಿರಿಯನ ಕಡೆ ನೋಡಿದ. ಹಿರಿಯ ನಗಲಿಲ್ಲ.

"ನಿನ್ನ ಬಾಯಿ ಒಂದು ಹೇಳುತ್ತಿದೆ. ನೀನು ಕಟ್ಟಿದ ಕೊರಡು ಇನ್ನೊಂದು ಹೇಳುತ್ತಿದೆ. ಬಾಯಿ ಇವತ್ತು ಹೇಳಿತು, ಕೊರಡು ದಿನಾ ಹೇಳುತ್ತ ಬಂದಿದೆ. ಊರು ಯಾವುದನ್ನು ನಂಬಬೇಕಪ್ಪಾ?"

ದನಗಾಹಿ ಓಡಿಹೋಗಿ ಕಡಸಿನ ಕೊರಳಿಗೆ ಕೈ ಹಾಕಿದ. ಮಳೆ ಬಿಸಿಲಿಗೆ ಬಿಗಿದ ಗಂಟು ಬಿಚ್ಚಿಬರಲಿಲ್ಲ. ಕುಡುಗೋಲಿನಿಂದ ಹಗ್ಗ ಕೊಯ್ದ. ಕೊರಡು ಬಿತ್ತು. ಅದು ಉಜ್ಜಿದ ಜಾಗದಲ್ಲಿ ಕೂದಲು ಹೋಗಿ ಚರ್ಮ ಬೆಳ್ಳಗೆ ಕಾಣುತ್ತಿತ್ತು.

ಆದರೂ ಊರು ತನ್ನ ತೀರ್ಪು ಬದಲಿಸಲಿಲ್ಲ. ಸಂತೆಯ ದಿನ ಮುದುಕಿಯೇ ಕಡಸನ್ನು ಹೊಡೆದುಕೊಂಡು ಹೋದಳು. ಗಬ್ಬದ ಕಡಸು ಎಂದು ಬಹಳ ಜನ ಹತ್ತಿರ ಬಂದರು. ಕೊರಳಿನ ಬಿಳಿ ಕಲೆ ನೋಡಿ, ಓಹೋ ಎಂದು ಮುಂದಕ್ಕೆ ಹೋದರು. ಕೊನೆಗೂ ಒಬ್ಬ ಬೆಲೆ ಕೇಳಿದ. ಅವನು ಸಾಕಲು ಕೊಳ್ಳುವವನಲ್ಲ. ಮುದುಕಿ ಹಗ್ಗ ಒಂದನ್ನೇ ಹಿಡಿದುಕೊಂಡು ಊರಿಗೆ ಬಂದಳು.

ಗುರುಗಳು ಕತೆ ಮುಗಿಸಿದರು. ಅಂಗಳದಲ್ಲಿ ಯಾರೋ ಕಸ ಗುಡಿಸುತ್ತಿದ್ದರು. ಚನ್ನವೀರ ಬೆರಳಿನ ಸೀಮೆಸುಣ್ಣವನ್ನು ಉಜ್ಜಿ ತೆಗೆಯುತ್ತಿದ್ದ.

"ಹಾಗಾದರೆ ದನಗಾಹಿ ಕಟ್ಟಲೇಬಾರದಿತ್ತು ಎನ್ನುತ್ತೀರಾ?" ಎಂದು ಕೇಳಿದ.

"ಯಾರು ಹೇಳಿದರು? ಅವನು ಅವತ್ತು ಕಟ್ಟದೇ ಹೋಗಿದ್ದರೆ ಮಂದೆಯೆಲ್ಲ ಹೊಲದಲ್ಲಿರುತ್ತಿತ್ತು. ಊರು ಉಣ್ಣುವುದು ಏನನ್ನು? ಕಟ್ಟಿದ್ದು ಸರಿ. ನೀನು ಕೈವಾರ ಎಸೆದವನನ್ನು ಎಬ್ಬಿಸಿ ಬೇರೆ ಕೂರಿಸಿದ್ದೂ ಸರಿ. ಪಕ್ಕದವನ ಕಣ್ಣು ಕಾಯುವುದು ನಿನ್ನ ಕೆಲಸವೇ. ಆ ತಾಯಿಗೆ ಧೈರ್ಯವಾಗಿ ಹೇಳು, ಹಕ್ಕು ಇದೆ ಎಂದು."

ಚನ್ನವೀರನ ಮುಖ ಅರಳಿತು. "ಅಷ್ಟೇ ನನಗೆ ಬೇಕಾಗಿದ್ದು," ಎಂದು ಎದ್ದು ನಮಸ್ಕಾರ ಮಾಡಿದ.

"ನಿಲ್ಲು. ಆ ಹುಡುಗ ಆಮೇಲೆ ಯಾರಿಗಾದರೂ ಹೊಡೆದನೇ?"

"ಇಲ್ಲ."

"ಬೈದನೇ?"

"ಇಲ್ಲ. ಬಾಯಿಯೇ ಬಿಡುವುದಿಲ್ಲ."

"ಈಗ ಸಂಕ್ರಾಂತಿ ಬಂತು. ಅವನು ಬದಲಾಗಿದ್ದಾನೆ ಎಂದು ನಿನಗೆ ಗೊತ್ತು. ತರಗತಿಯ ಮಕ್ಕಳಿಗೆ ಗೊತ್ತೇ?"

ಚನ್ನವೀರ ಹೊಸ್ತಿಲ ಬಳಿಯೇ ನಿಂತ. "ಮುಖ್ಯೋಪಾಧ್ಯಾಯರು ಒಂದು ಮಾತು ಹೇಳಿದ್ದರೆ ಕರೆದು ಕೂರಿಸಿಕೊಳ್ಳುತ್ತಿದ್ದೆ," ಎಂದ ಮೆಲ್ಲಗೆ. "ಇಲ್ಲವೇ ಆ ತಾಯಿಯಾದರೂ ಜಗಳವಾಡದೆ ಕೇಳಿದ್ದರೆ."

ಗುರುಗಳು ಹೇಳಿದರು: "ಹೊರಗೆ ಕೂರಿಸುವ ಹಕ್ಕು ನಿನ್ನೊಬ್ಬನದೇ ಎಂದ ಮೇಲೆ, ಒಳಗೆ ಕರೆಯಲು ಇನ್ನು ಯಾರು ಬರಬೇಕು, ಮೇಷ್ಟರೇ?"