ದೀಪವಿದ್ದ ಕಿಟಕಿಗಳು

"ಗುರುಗಳೇ, ಇಷ್ಟು ಜನ ನಂಬಿ ನಿಮ್ಮ ಮಠಕ್ಕೆ ಬರುತ್ತಾರೆ. ಇಷ್ಟು ಜನ ನಂಬಿದ್ದನ್ನು ನಾನು ಬೇರೆ ಪರೀಕ್ಷಿಸಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನಗೆ ಸೋಮಾರಿತನ ಜಾಸ್ತಿ. ಕೂತು ಕೇಳು" ಎಂದು ಕತೆ ಶುರು ಮಾಡಿದರು.

ಜಪಾನ್ ದೇಶದಲ್ಲಿ ಒಬ್ಬ ಛತ್ರಿ ವ್ಯಾಪಾರಿ ಇದ್ದ. ಬಿಚ್ಚಿ ಬೆಳಕಿಗೆ ಹಿಡಿದು ನೋಡದೆ ಒಂದು ಛತ್ರಿಯನ್ನೂ ಕೊಂಡವನಲ್ಲ. ಅವನಿಗೆ ಒಬ್ಬಳೇ ಮಗಳು, ಹಾಸಿಗೆ ಬಿಟ್ಟು ಏಳಲಾರದವಳು. ತಾನು ಸತ್ತ ಮೇಲೆ ಅವಳ ಗತಿಯೇನು ಎಂಬುದೊಂದೇ ಅವನ ಚಿಂತೆ. ಅಂಗಡಿ ಮಾರಿ, ನಗರದ ಹೊರವಲಯದಲ್ಲಿ ಒಂದು ಹಳೆಯ ಫ್ಲಾಟ್ ಕೊಂಡರೆ, ಅದರ ಬಾಡಿಗೆ ಅವಳನ್ನು ಸಾಕುತ್ತದೆ ಎಂದುಕೊಂಡ.

ದಲ್ಲಾಳಿ ಅವನನ್ನು ಸಂಜೆ ಕರೆದುಕೊಂಡು ಹೋದ. ಕಟ್ಟಡದ ಬಣ್ಣ ಮಾಸಿತ್ತು. ಆದರೆ ಎಲ್ಲ ಕಿಟಕಿಗಳಲ್ಲೂ ದೀಪವಿತ್ತು. ಇಷ್ಟು ಸಂಸಾರಗಳಿರುವ ಜಾಗ ಕೆಟ್ಟದ್ದಾಗಿರಲಾರದು ಎಂದು ವ್ಯಾಪಾರಿ ಒಪ್ಪಿದ. ಛತ್ರಿಯ ಮೇಲೆ ಪಟ್ಟ ಅನುಮಾನವನ್ನು ಮನೆಯ ಮೇಲೆ ಪಡಲಿಲ್ಲ.

ಬಾಡಿಗೆಗೆ ಯಾರೂ ಬರಲಿಲ್ಲ. ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಕಾರಣವೇನೆಂದು ನೋಡಲು ತಾನೇ ಹೋಗಿ ಉಳಿದ. ಹಿಂದಿನ ಮಾಲೀಕ ದೀಪಕ್ಕೊಂದು ಟೈಮರ್ ಕಟ್ಟಿಹೋಗಿದ್ದ. ಕತ್ತಲಾಗುತ್ತಲೇ ಅದು ತಾನಾಗಿ ಹೊತ್ತಿಕೊಂಡಿತು. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡ.

ಹೊಸದಾಗಿ ಬಂದವರು ನೆರೆಯವರಿಗೆ ಸಣ್ಣ ಉಡುಗೊರೆ ಕೊಡುವುದು ಆ ದೇಶದ ಪದ್ಧತಿ. ವ್ಯಾಪಾರಿ ಟವೆಲುಗಳನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದ. ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಯಾರೂ ತೆರೆಯಲಿಲ್ಲ. ಸಂಕೋಚದ ಜನವಿರಬೇಕು ಎಂದು ಟವೆಲುಗಳನ್ನು ಬಾಗಿಲ ಹಿಡಿಕೆಗಳಿಗೆ ಸಿಕ್ಕಿಸಿ ಬಂದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದ.

ವಾರ ಕಳೆದರೂ ಟವೆಲುಗಳು ಹಿಡಿಕೆಗಳಲ್ಲೇ ಇದ್ದವು. ಲಿಫ್ಟು ಅವನು ಬಿಟ್ಟುಹೋದ ಮಹಡಿಯಲ್ಲೇ ನಿಂತಿರುತ್ತಿತ್ತು. ಅಡುಗೆಯ ವಾಸನೆಯಿಲ್ಲ, ಒಂದು ಕೆಮ್ಮಿಲ್ಲ. ಒಂದು ಸಂಜೆ ಹೊರಗಿನಿಂದ ಬಂದವನು ಅಂಗಳದಲ್ಲಿ ನಿಂತು ಮೇಲೆ ನೋಡಿದ. ಎಲ್ಲ ಕಿಟಕಿಗಳೂ ಒಮ್ಮೆಗೇ ಬೆಳಗಿದವು. ಅವುಗಳ ನಡುವೆ ಅವನ ಕಿಟಕಿಯೂ ಇತ್ತು.

ಮೇಲೆ ಹೋಗಿ ಟೈಮರ್ ಕಿತ್ತ. ಕತ್ತಲಲ್ಲೇ ದಲ್ಲಾಳಿಗೆ ಫೋನ್ ಮಾಡಿ, "ಇಲ್ಲಿ ಯಾರೂ ಇಲ್ಲವಲ್ಲ" ಎಂದ.

"ಕೊಂಡವರಿದ್ದಾರೆ, ಇರುವವರಿಲ್ಲ" ಎಂದ ದಲ್ಲಾಳಿ. "ದೀಪ ಆರಿಸಿದಿರಾ? ಮತ್ತೆ ಹಾಕಿಡಿ. ನಿಮ್ಮದನ್ನೂ ಮಾರಿಬಿಡಿ; ನಾಳೆ ಸಂಜೆ ಕೊಳ್ಳುವವರೊಬ್ಬರು ನೋಡಲು ಬರುತ್ತಾರೆ."

ವ್ಯಾಪಾರಿ ಫೋನ್ ಇಟ್ಟ. ಮಗಳ ಮುಖ ನೆನಪಾಯಿತು. ಟೈಮರ್ ಕಟ್ಟಿದ. ಬೆಳಗಾಗುತ್ತಲೇ ಹಿಡಿಕೆಗಳಲ್ಲಿದ್ದ ಟವೆಲುಗಳನ್ನೆಲ್ಲ ತೆಗೆದಿಟ್ಟ.

ಬಂದವಳು ಒಬ್ಬ ವಯಸ್ಸಾದ ದರ್ಜಿ. ಬಟ್ಟೆ ಹೊಲಿದು ಕೂಡಿಟ್ಟದ್ದನ್ನೆಲ್ಲ ಸುರಿಯಲು ಬಂದಿದ್ದಳು. ಕಿಟಕಿಗಳನ್ನು ನೋಡಿ ಅವಳ ಮುಖ ಅರಳಿತು. "ನೆರೆಯವರು ಹೇಗೆ?" ಎಂದು ಕೇಳಿದಳು.

"ಗಲಾಟೆಯವರಲ್ಲ" ಎಂದ ವ್ಯಾಪಾರಿ.

ಕೆಲವು ದಿನಗಳಲ್ಲಿ ಮಾರಾಟ ಮುಗಿಯಿತು. ಬೀಗದ ಕೈ ಕೊಟ್ಟು ಸ್ಟೇಷನ್ನಿಗೆ ನಡೆಯುವಾಗ ಸಂಜೆಯಾಯಿತು. ಹಿಂತಿರುಗಿ ನೋಡಿದ. ಕಿಟಕಿಗಳು ಒಮ್ಮೆಗೇ ಬೆಳಗಿದವು. ತಾನು ಬಿಟ್ಟುಬಂದ ಮನೆಯಲ್ಲಿ ಯಾರೋ ತನಗಾಗಿ ಕಾದಿದ್ದಾರೆ ಎಂದು ಅವನಿಗೇ ಅನ್ನಿಸಿತು. ತಾನೇ ಕಟ್ಟಿದ ಟೈಮರ್ ಎಂದು ಗೊತ್ತಿದ್ದೂ, ಕಾಲು ಒಂದು ಹೆಜ್ಜೆ ಅತ್ತಲೇ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಕತ್ತಲಾಗುತ್ತಿತ್ತು.

"ಪಾಪ, ಆ ಹೆಂಗಸಾದರೂ ಒಂದು ಸಲ ಹಗಲಲ್ಲಿ ಬಂದು ನೋಡಬಾರದಿತ್ತೆ?" ಎಂದ ಶಿಷ್ಯ.

ಗುರುಗಳು ಎದ್ದು ಕಿಟಕಿಯ ದೀಪ ಹಚ್ಚಿ ಕೇಳಿದರು: "ನೀನು ಈ ದೀಪ ನೋಡಿ ಮಠದೊಳಗೆ ಬಂದದ್ದು ಹಗಲಲ್ಲೋ, ಸಂಜೆಯಲ್ಲೋ?"