ಬಾಚದ ತಲೆಯ ಒಗಟು

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಒಡೆದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!"

ಹೀಗೆ ಡಂಗುರ ಸಾರಿ ವರ್ಷ ತುಂಬುವಷ್ಟರಲ್ಲಿ ಬಾಗಿಲ ಮೇಲೆ ಹತ್ತೊಂಬತ್ತು ತಲೆ ತೂಗಿದವು. ಅರ್ಧ ರಾಜ್ಯವೆಂದರೆ ಕತ್ತಿನ ಮೇಲೊಂದು ತಲೆ ಇರುವುದೂ ಜನಕ್ಕೆ ಮರೆತುಹೋಗುತ್ತದೆ. ಕೊನೆಯದು ಬಾಚಣಿಗೆ ಕೊರೆಯುವ ಬಡವ ಚಿಕ್ಕೀರನ ಅಣ್ಣನದು. ಅದನ್ನು ಇಳಿಸಿ ಮಣ್ಣು ಮಾಡಬೇಕು, ಚಿಕ್ಕೀರನಿಗೆ ಬೇಕಾದದ್ದು ಅಷ್ಟೇ.

"ಒಗಟು ಒಡೆದು ತಗೊಂಡೋಗು" ಎಂದು ಕಾವಲಿನವರು ನಕ್ಕರು. ಅವನು ನೆಟ್ಟಗೆ ಆಸ್ಥಾನಕ್ಕೆ ನಡೆದು, ಕೊನೆಯ ತಲೆ ತನ್ನ ಅಣ್ಣನದೆಂದು ಹೇಳಿ ಸಾಲಿನಲ್ಲಿ ನಿಂತ.

ತಾಯಿ ಸತ್ತ ದಿನದಿಂದ ರಾಜಕುಮಾರಿ ತಲೆಗೆ ಬಾಚಣಿಗೆ ಮುಟ್ಟಿಸಿರಲಿಲ್ಲ. ಊರಿನ ಎಲುಬಿಲ್ಲದ ನಾಲಿಗೆ ಸುಮ್ಮನಿರುತ್ತದೆಯೇ? ಗುಡಿಸದ ಅಂಗಳ, ಮಡಿಸದ ಹಾಸಿಗೆ, ಕಳೆ ಕೀಳದ ಹೊಲ, ಎಲ್ಲಕ್ಕೂ "ಬಾಚದ್ದು" ಎನ್ನುವುದೇ ರೂಢಿಯಾಯಿತು.

"ಸಾಲು ಸಾಲು ಹಲ್ಲು, ಹೊಟ್ಟೆಯೇ ಇಲ್ಲ. ದಿನಾ ಕಾಡು ಹೊಕ್ಕರೂ ಒಂದೆಲೆ ಮೇಯುವುದಿಲ್ಲ. ಏನದು?" ಎಂದಳು ರಾಜಕುಮಾರಿ.

"ಗರಗಸ" ಎಂದ ಅಂದು ಚಿಕ್ಕೀರನಿಗಿಂತ ಮುಂದೆ ನಿಂತಿದ್ದ ನೆರೆರಾಜ್ಯದ ಅರಸುಮಗ. ಅವನ ತಲೆ ಹೋಯಿತು. "ಕುಡುಗೋಲು" ಎಂದ ಸಾಹುಕಾರನ ಮಗ. ಅವನದೂ ಹೋಯಿತು; ಬಾಗಿಲಿಗೆ ಇಪ್ಪತ್ತೊಂದಾಯಿತು.

ಚಿಕ್ಕೀರ ಮುಂದೆ ಬಂದ. "ಬಾಚಣಿಗೆ, ತಾಯಿ. ಕೂದಲೇ ಕಾಡು."

"ಬುಡದಿಂದ ಎಳೆದರೆ ಬಿಗಿಯುತ್ತದೆ, ತುದಿಯಿಂದ ಬಿಡಿಸಿದರೆ ಬಿಡುತ್ತದೆ?"

"ಸಿಕ್ಕು. ಬಾಚೋರಿಗೆಲ್ಲ ಗೊತ್ತು."

ಮೂರನೆಯದಕ್ಕೆ ಅವಳ ದನಿ ಒಡೆಯಿತು. "ಕೊಳಕು ಕಂಡಲ್ಲೆಲ್ಲ ಊರು ಬಾಚದ್ದು ಅನ್ನುತ್ತದೆ. ಆ ಮಾತು ಹುಟ್ಟಿದ್ದು ಎಂಥ ತಲೆಯಿಂದ? ಸೋಮಾರಿಯ ತಲೆ ಅಂದ ನಿನ್ನಣ್ಣ."

ಚಿಕ್ಕೀರ ತಲೆ ಎತ್ತಿದ. "ಬಾಚೋ ಕೈ ಕಳಕೊಂಡ ತಲೆಯಿಂದ, ತಾಯಿ. ನಮ್ಮವ್ವ ಸತ್ತಮ್ಯಾಗೆ ಅಣ್ಣಾನೇ ನನಗೆ ಬಾಚ್ತಿದ್ದ. ಈಗ ನಂದೂ ಬಾಚದ್ದೇ."

ಅರಸ ಎದ್ದು ನಿಂತು ಅರ್ಧ ರಾಜ್ಯ ನಿನ್ನದು, ಮಗಳು ನಿನ್ನವಳು ಎಂದ.

"ಯಾವುದೂ ಬ್ಯಾಡ ಬುದ್ಧಿ. ಅಣ್ಣನ ತಲೆ ಕೊಡಿ." ಆಮೇಲೆ ರಾಜಕುಮಾರಿಯ ಕಡೆ ತಿರುಗಿದ. "ಬಾಚೋ ಕೈ ಹೋಯ್ತು ಅಂತ ನೀವು ಅತ್ರಿ. ಬಾಚಿಸ್ಕೊಳೋ ತಲೆ ಕಳಕೊಂಡ ತಾಯಂದಿರು ಏನ್ ಮಾಡಬೇಕು?"

ಅವಳು ಅತ್ತಳು. ಅತ್ತು ಏನು ಬಂತು?

ಅಂದೇ ಎಲ್ಲ ತಲೆಗಳನ್ನೂ ಇಳಿಸಿದರು. ಚಿಕ್ಕೀರ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಚಿ ಮಣ್ಣು ಮಾಡಿದ. ಉಳಿದ ಇಪ್ಪತ್ತನ್ನು ರಾಜಕುಮಾರಿ ತಾನೇ ಹೊತ್ತು ಮನೆಮನೆಗೆ ಹೋದಳು. ಒಬ್ಬೊಬ್ಬ ತಾಯಿಯೂ ಮಗನ ತಲೆ ಇಸಿದುಕೊಂಡು ಅವಳ ಮುಖಕ್ಕೆ ಬಾಗಿಲು ಹಾಕಿದಳು.